ಮಲ್ಲಿಗೆ ಬುಡದ ತಂತಿ

ಜಮಖಂಡಿಯ ನಮ್ಮ ಮನೆಗೆ ಸೋಲಾರ್ ದೀಪ ಹಾಕಲು ಬಂದವನ ಜೊತೆ ನಾನು ಜಗಳಾಡಿದ್ದು ಓಣಿಗೆಲ್ಲ ಕೇಳಿಸಿತ್ತು. ತೊಂಬತ್ತರ ದಶಕ, ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚು. ಅವನು ಮಾಳಿಗೆಯ ಮೇಲೆ ಬಿಸಿಲು ಹಿಡಿಯುವ ಹಲಗೆ ಕೂರಿಸಿ, ಬ್ಯಾಟರಿ ಜೋಡಿಸಿ, ಎರಡು ದೀಪ ಹಚ್ಚಿ ತೋರಿಸಿ ಚೀಲ ಕಟ್ಟತೊಡಗಿದ.

“ಅರ್ತಿಂಗ್ ಎಲ್ಲಿ ಐತಿ?” ಎಂದೆ.

“ಇದಕ್ಕೇನು ಬೇಕಾಗೂದಿಲ್ರಿ ಅಕ್ಕಾರ. ಬರೇ ಹನ್ನೆರಡು ವೋಲ್ಟ್. ಕೈಲೆ ಹಿಡದ್ರೂ ಏನೂ ಆಗೂದಿಲ್ಲ.”

“ಮ್ಯಾಲೆ ಸಿಡಲ ಬಿದ್ರ? ಕುಣಿ ತೋಡು, ಹಾಕು. ಇಲ್ಲಂದ್ರ ನಿನ್ನ ಹಲಗಿ ಇಳಿಸಿಕೊಂಡು ಹೋಗು.”

ಅವನು ಗೊಣಗುತ್ತ ಹಿತ್ತಲಿಗೆ ಹೋದ. ಗುದ್ದಲಿ ನೆಲಕ್ಕೆ ಬೀಳುವ ಸದ್ದು ಕೇಳಿದ್ದೇ ಅಲ್ಲೇ ಕಟ್ಟೆಯ ಮೇಲೆ ಕೂತೆ.

ನನ್ನ ತವರು ಬನಹಟ್ಟಿ, ನೇಕಾರರ ಮನೆ. ಅಪ್ಪ ಕೈಮಗ್ಗ ತೆಗೆದು ಕರೆಂಟಿನ ಮಗ್ಗ ಹಾಕಿಸಿದಾಗ, ವಯರಮನ್ ಅರ್ತಿಂಗಿಗೆಂದು ಹಿತ್ತಲಲ್ಲಿ ಆಳುದ್ದ ಕುಣಿ ತೋಡಿಸಿ, ತಗಡು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿಸಿದ. ಅಲ್ಲಿಂದ ಒಂದು ತಂತಿ ಮಣ್ಣೊಳಗೇ ಹಾದು ಬಂದು ಮಗ್ಗದ ಕಬ್ಬಿಣಕ್ಕೆ ಸೇರಿತು.

“ಮೋಟಾರಿನ ಕರೆಂಟು ಕಬ್ಬಿಣಕ್ಕ ಇಳೀತಂದ್ರ ಈ ತಂತಿ ಅದನ್ನ ಭೂಮಿಗಿ ಒಯ್ತೈತಿ. ಫ್ಯೂಜ್ ಹಾರತೈತಿ, ಮನಷ್ಯಾ ಉಳೀತಾನ. ಕುಣಿ ಒಣಗಬಾರದ್ರಿ, ದಿನಾ ಒಂದು ಕೊಡ ನೀರ ಹಾಕ್ರಿ” ಎಂದು ಅಪ್ಪನಿಗೆ ಹೇಳಿ ಹೋದ. ಅಂದಿನಿಂದ ಅಪ್ಪ ಬೆಳಿಗ್ಗೆ ಮಗ್ಗಕ್ಕೆ ಕೈಮುಗಿಯುವ ಮೊದಲು ಆ ಕುಣಿಗೆ ಒಂದು ಕೊಡ ನೀರು ಹಾಕುತ್ತಿದ್ದ.

ದಿನಾ ಒಂದು ಕೊಡ ನೀರು ಬರಿ ಮಣ್ಣಿಗೆ! ಬಾವಿಯಿಂದ ಸೇದಿ ಹೊತ್ತು ತರುವವಳು ನಾನು. ನನಗೆ ಹೊಟ್ಟೆ ಉರಿಯುತ್ತಿತ್ತು. ಹೇಗೂ ನೀರು ಬೀಳುತ್ತದಲ್ಲ ಎಂದು ಅಲ್ಲೊಂದು ಮಲ್ಲಿಗೆ ನೆಟ್ಟೆ. ಅದು ಹೂ ಬಿಟ್ಟಾಗ ಅಣ್ಣ, “ನಿನ್ನ ಹೆರಳಿಗೂ ಕರೆಂಟು ಹರೀತೈತಿ ನೋಡಬೇ” ಎಂದು ಕಾಡುತ್ತಿದ್ದ.

ಒಂದು ಬೇಸಿಗೆ ಅಪ್ಪ ನೂಲು ತರಲು ಇಚಲಕರಂಜಿಗೆ ಹೋದ. ಹೋಗುವ ಗಡಿಬಿಡಿಯಲ್ಲಿ ಕುಣಿಗೆ ನೀರು ಹಾಕಲು ಯಾರಿಗೂ ಹೇಳಲಿಲ್ಲ. ಮರುದಿನ ನಾನು ಮಲ್ಲಿಗೆಗೆ ಗೊಬ್ಬರ ಹಾಕೋಣವೆಂದು ಬುಡ ಅಗೆದೆ. ಗುದ್ದಲಿಗೆ ಏನೋ ತಾಗಿತು. ನೋಡಿದರೆ ತಂತಿ ಎರಡು ತುಂಡು!

ಒಳಗೆ ಓಡಿದೆ. ಮಗ್ಗ ಓಡುತ್ತಿತ್ತು, ದೀಪ ಉರಿಯುತ್ತಿತ್ತು. ಕಡಿದರೂ ಏನೂ ನಿಲ್ಲದ ತಂತಿ ಇದ್ದರೆಷ್ಟು, ಬಿಟ್ಟರೆಷ್ಟು ಎಂದುಕೊಂಡೆ. ಅಪ್ಪನ ಬೈಗುಳದ ಹೆದರಿಕೆ ಬೇರೆ. ಮಣ್ಣು ಎಳೆದು ಮುಚ್ಚಿ, ಆ ಕಡೆ ಸುಳಿಯದೇ ಉಳಿದೆ.

ಮೂರು ದಿನ ಕಳೆಯಿತು. ಬೇಸಿಗೆಯಲ್ಲಿ ನೂಲು ಹರಿಯಬಾರದೆಂದು ನಮ್ಮಲ್ಲಿ ಮಗ್ಗದ ಸುತ್ತ ನೀರು ಚಿಮುಕಿಸುತ್ತಾರೆ. ಅಣ್ಣ ಚಿಮುಕಿಸಿ, ಹಸಿ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಹರಿದ ಎಳೆ ಕಟ್ಟಲು ಮಗ್ಗದ ಮೇಲೆ ಕೈಯಿಟ್ಟ. ಮೋಟಾರು ಕೆಟ್ಟು ಕರೆಂಟು ಕಬ್ಬಿಣಕ್ಕೆ ಇಳಿದಿತ್ತು. ಅವನು ಕೂಗಲೂ ಇಲ್ಲ. ಇಪ್ಪತ್ತೆರಡು ವರ್ಷದವನು.

ಸುದ್ದಿ ಕೇಳಿ ಬಂದ ಅಪ್ಪ ಹೆಣದ ಹತ್ತಿರ ಕೂರಲಿಲ್ಲ. ನೇರವಾಗಿ ಹಿತ್ತಲಿಗೆ ಹೋಗಿ ಕುಣಿಯ ಮಣ್ಣು ಮುಟ್ಟಿ ನೋಡಿದ. ಒಣಗಿತ್ತು.

“ನೀರ ಹಾಕ್ರಿ ಅಂತ ಒಂದು ಮಾತು ಹೇಳಿ ಹೋಗಲಿಲ್ಲ. ನನ್ನ ಮಗನ್ನ ನಾನ ಕೊಂದ್ನಿ” ಎಂದು ತಲೆ ಬಡಿದುಕೊಂಡ.

ನಾನು ಪಕ್ಕದಲ್ಲೇ ನಿಂತಿದ್ದೆ. “ಅಪ್ಪಾ, ತಂತಿ...” ಎಂದೆ. “ತಂತಿ ಏನ ಮಾಡೀತು ಬೇ? ತಪ್ಪು ನಂದು” ಎಂದ. ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಬಂದವರೆಲ್ಲ ಹೇಳಿ ಹೋದರು. ಆ ಗಾದೆ ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಮಗ್ಗ ಮಾರಿದೆವು. ಹಿತ್ತಲಿನ ಮಣ್ಣನ್ನು ಮತ್ತೆ ಯಾರೂ ಅಗೆಯಲಿಲ್ಲ. ಮಗ್ಗವೇ ಇಲ್ಲದ ಮನೆಯಲ್ಲಿ ಅಪ್ಪ ಸಾಯುವವರೆಗೂ ಆ ಕುಣಿಗೆ ದಿನಾ ಒಂದು ಕೊಡ ನೀರು ಹಾಕಿದ. ಮಲ್ಲಿಗೆ ಮೈತುಂಬ ಹೂ ಬಿಡುತ್ತಿತ್ತು. ನಾನು ಒಂದು ದಿನವೂ ಮುಡಿಯಲಿಲ್ಲ. ತವರಿಗೆ ಹೋದಾಗಲೆಲ್ಲ ಈ ಸಲ ಹೇಳಿಬಿಡಬೇಕು ಎಂದುಕೊಂಡು ಹೋಗುತ್ತಿದ್ದೆ. ಕೊಡ ಹಿಡಿದ ಅಪ್ಪನನ್ನು ನೋಡಿ ಹಾಗೇ ಹಿಂದಿರುಗುತ್ತಿದ್ದೆ.

“ಆತ್ರಿ ಅಕ್ಕಾರ, ತಂತಿ ಮುಚ್ಚತೇನಿ” ಎಂದು ಸೋಲಾರಿನವನು ಹಿತ್ತಲಿಂದ ಕೂಗಿದ.

“ಇನ್ನೂ ಆಳಕ್ಕ ಹಾಕು. ಯಾರ ಗುದ್ದಲೀನೂ ತಾಗಬಾರದು” ಎಂದೆ. ಯಾಕೆ ಎಂದು ಕೇಳಿದ. ಯಾರಿಗೂ ಹೇಳದ್ದನ್ನು ಆ ಗುರುತಿಲ್ಲದವನಿಗೆ ಹೇಳಿಬಿಟ್ಟೆ.

ಅವನು, “ಅಪ್ಪಾರಿಗೆ ಹೇಳಬೇಕಿತ್ರಿ” ಎಂದ. ಮತ್ತೆ ಗುದ್ದಲಿ ಎತ್ತಿಕೊಂಡು ಮೊಳದಷ್ಟು ಆಳ ಅಗೆದ.

ತಂತಿ ಮುಚ್ಚಿ, “ಒಂದು ಕೊಡ ನೀರ ಹಾಕ್ರಿ” ಎಂದ. ಕೊಡ ತಂದೆ. ಬಗ್ಗಿಸಲು ಕೈ ಬರಲಿಲ್ಲ. ಅವನೇ ಇಸಿದುಕೊಂಡು ಹಾಕಿದ.