ಮೂರು ಸಲ ಕೂಗುವ ಸಿಸ್ಟರ್

ಕಿಡ್ನಿ ಕಸಿ ವಾರ್ಡಿನ ಹಿರಿಯ ಸಿಸ್ಟರ್ ಮೂತ್ರ ಅಳೆಯುವ ಜಗ್ಗನ್ನು ತುಂಬಿದ ಕೊಡದಂತೆ ಜೋಪಾನವಾಗಿ ಹಿಡಿದು ನಡೆಯುತ್ತಾರೆ. ಅಡ್ಡ ಬಂದರೆ ದೊಡ್ಡ ಡಾಕ್ಟರಿಗೂ ಬೈಗುಳ ತಪ್ಪದು. ಮಿದುಳು ಸತ್ತರೂ ಹೃದಯ ಮಿಡಿಯುತ್ತಿದ್ದ ದಾನಿಗಳ ಕಿಡ್ನಿಗಳು ಅವರ ಬಾಯಲ್ಲಿ ‘ಚುರುಕಿನವು’, ಸಾಮಾನ್ಯವಾಗಿ ಬೇಗನೆ ಕೆಲಸಕ್ಕೆ ಇಳಿಯುತ್ತವೆ. ಹೃದಯವೂ ನಿಂತ ಮೇಲೆ ತೆಗೆದವು ‘ನಿದ್ದೆಬುರುಕರು’, ಏಳಲು ದಿನಗಟ್ಟಲೆ ಸತಾಯಿಸುತ್ತವೆ. ಅಂಥದೊಂದನ್ನು ಪಡೆದ ದರ್ಜಿ, ಒಂಬತ್ತು ದಿನವಾದರೂ ತನ್ನ ಮೂತ್ರದ ಚೀಲ ಖಾಲಿಯಿರುವುದನ್ನು ಕಂಡು, ಇನ್ನು ಡಯಾಲಿಸಿಸ್ಸೇ ಗತಿ ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದ. “ಪಕ್ಕದೋನಿಗೆ ಜಗ್ಗು ತುಂಬ್ತಿದೆ, ನಂದು ಕೆಟ್ಟ ಮಾಲು ಕಣಕ್ಕಾ.” “ನಿನ್ನ ತಲೆ! ಮಲಗಿದೆ ಅಷ್ಟೆ. ಎದ್ದ ಮೇಲೆ ಅದೂ ಇದೂ ಒಂದೇ ಥರ ವರ್ಷಗಟ್ಟಲೆ ದುಡಿಯುತ್ತೆ. ಹನ್ನೊಂದನೇ ದಿನದವರೆಗೆ ಕಾಯಿ.” ಈ ಹನ್ನೊಂದು ಯಾವ ಪುಸ್ತಕದಲ್ಲಿದೆ ಎಂದು ಡಾಕ್ಟರುಗಳು ನಗುತ್ತಾರೆ. ಸಿಸ್ಟರ್ ಕಿವಿಗೊಡದೆ, ಎಂದಿನಂತೆ ರೋಗಿಯ ಹೊಟ್ಟೆಯತ್ತ ಬಗ್ಗಿ, “ಏಳ್ರೀ, ಹೊತ್ತಾಯ್ತು” ಎಂದು ಮೂರು ಸಲ ಕೂಗಿದರು. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ದರ್ಜಿಯೂ ನಕ್ಕ. “ಮೂರೇ ಸಲ ಯಾಕಕ್ಕಾ?” ಸಿಸ್ಟರ್ ಹೊದಿಕೆ ಸರಿಮಾಡುತ್ತ ಮೆಲ್ಲಗೆ ಹೇಳಿದರು: “ನಮ್ಮನೆಯವರು ಮೂರು ಸಲ ಕೂಗದೆ ಯಾವತ್ತೂ ಎದ್ದೋರಲ್ಲ. ಅವರ ಹೃದಯ ನಿಂತಾಗ ಅವರ ಕಿಡ್ನಿ ದಾನ ಕೊಟ್ಟೆ. ಯಾರಿಗೆ ಹೋಯ್ತೋ ತಿಳೀದು. ಹನ್ನೊಂದನೇ ದಿನ ಕೆಲಸ ಶುರುಮಾಡ್ತು ಅಂತ ಕಾಗದ ಬಂತು. ಅಲ್ಲಿ ಕೂಗೋಕೆ ನಾನಿರಲಿಲ್ವಲ್ಲ, ಅದಕ್ಕೇ ತಡವಾಯ್ತು.” ಮಾರನೆಯ ಬೆಳಿಗ್ಗೆ ಅವರು ಬರುವಷ್ಟರಲ್ಲಿ ದರ್ಜಿ ಹೊಟ್ಟೆಯ ಮೇಲೆ ಕೈಯಿಟ್ಟು ತಾನೇ ಎರಡು ಸಲ ಕೂಗಿ, ಮೂರನೆಯದನ್ನು ಅವರಿಗೆಂದು ಉಳಿಸಿದ್ದ.