ಒಲೆಯ ಮೇಲಿಟ್ಟ ಬ್ಯಾಡ್ಜು

ಮಳೆಗಾಲದಲ್ಲಿ ಕೆಡಬಾರದ ವಸ್ತುಗಳಿಗೆಲ್ಲ ನಮ್ಮ ಮನೆಯಲ್ಲಿ ಒಂದೇ ಜಾಗವಿತ್ತು. ಅಡುಗೆಮನೆಯಲ್ಲಿ ಒಲೆಯ ಮೇಲೆ ತೂಗುಬಿಟ್ಟ ಬಿದಿರಿನ ಅಟ್ಟ. ಉಪ್ಪು, ಬೆಂಕಿಪೆಟ್ಟಿಗೆ, ಒಣಮೀನು, ಮುಂದಿನ ವರ್ಷಕ್ಕೆ ಬೇಕಾದ ಸೌತೆಬೀಜ, ಜಾಗದ ಕಾಗದಪತ್ರ ಎಲ್ಲವೂ ಅಲ್ಲೇ. ತೆಕ್ಕಟ್ಟೆಯ ಮಳೆಗೆ ಗೋಡೆಯೂ ಬೆವರುತ್ತದೆ, ಪೆಟ್ಟಿಗೆಯ ತಳದ ಸೀರೆಗೂ ಬೂಷ್ಟು ಹಿಡಿಯುತ್ತದೆ. ಅಣ್ಣನ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು ಕೂಡ ಮೂರು ಮಳೆಗಾಲ ಆ ಅಟ್ಟದ ಮೇಲೆಯೇ ಕಳೆದಿತ್ತು. ಅವನು ಅದನ್ನು ಹಿಡಿದುಕೊಂಡು ಮುಂಬಯಿಯಲ್ಲಿ ಕೆಲಸ ಕೇಳಲು ಹೋದಾಗ ಗುಮಾಸ್ತನೊಬ್ಬ ಅದನ್ನು ಮೂಸಿ ನೋಡಿ, ಮೀನಿನಂಗಡಿಯಿಂದ ಬಂದೆಯಾ ಎಂದು ಕೇಳಿದನಂತೆ. ಊರಿಗೆ ಬಂದಾಗಲೆಲ್ಲ ಅಣ್ಣ ಈ ಕಥೆ ಹೇಳುತ್ತಿದ್ದ, ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಜಾಗವನ್ನು ಮಾತ್ರ ಬದಲಾಯಿಸಲಿಲ್ಲ.

ಮನೆಯಲ್ಲಿ ಆಗ ನಾವು ಮೂವರು ಹೆಂಗಸರು. ಅಪ್ಪ ನಾವು ಚಿಕ್ಕವರಿರುವಾಗಲೇ ತೀರಿಕೊಂಡಿದ್ದರು. ಅಮ್ಮ ಗದ್ದೆ, ಹಟ್ಟಿ, ಅಡುಗೆ ಮೂರನ್ನೂ ನೋಡಿಕೊಳ್ಳುತ್ತಿದ್ದಳು. ನಾನು ಹತ್ತಿರದ ಪ್ರಾಥಮಿಕ ಶಾಲೆಯಲ್ಲಿ ಟೀಚರು, ಐದನೆಯ ತರಗತಿಗೆ ವಿಜ್ಞಾನವೂ ನನ್ನದೇ. ಊರಿನಲ್ಲಿ ನನಗಿಂತ ತಿಳಿದವರಿಲ್ಲ ಎಂಬ ಗರ್ವ ಇತ್ತು, ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಮೂರನೆಯವಳು ಅಮ್ಮನ ತಂಗಿ, ನನ್ನ ಚಿಕ್ಕಮ್ಮ. ಅವಳನ್ನು ಘಟ್ಟದ ಮೇಲೆ ಮದುವೆ ಮಾಡಿ ಕೊಟ್ಟಿದ್ದರು. ಅಲ್ಲಿ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಿದಾಗ ಅವಳ ಮನೆ, ಗದ್ದೆ ಎಲ್ಲ ನೀರಿನಡಿಗೆ ಹೋಯಿತು. ಮರು ವರ್ಷ ಗಂಡನೂ ಹೋದ. ಎರಡು ತಾಮ್ರದ ಹಂಡೆ, ಒಂದು ಬೀಸುಕಲ್ಲು ಹೇರಿಕೊಂಡು ಲಾರಿಯಲ್ಲಿ ಘಟ್ಟ ಇಳಿದು ನಮ್ಮಲ್ಲಿಗೆ ಬಂದಳು.

ಅದಾಗಿ ಕೆಲವು ವರ್ಷಕ್ಕೆ ನಮ್ಮ ಮನೆಗೂ ಕರೆಂಟು ಬಂತು. ಚಾವಡಿಗೊಂದು ಬಲ್ಬು, ಅಡುಗೆಮನೆಗೊಂದು ಬಲ್ಬು. ಊರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ನೀರು ತಾನಾಗಿ ಬೀಳುತ್ತದೆ, ದೀಪ ತಾನಾಗಿ ಉರಿಯುತ್ತದೆ, ಯಾರಿಗೂ ಏನೂ ಖರ್ಚಿಲ್ಲ. ನಾನೂ ಶಾಲೆಯಲ್ಲಿ ಹಾಗೆಯೇ ಪಾಠ ಮಾಡಿದ್ದೆ. ಚಿಕ್ಕಮ್ಮ ಈ ಮಾತಿಗೆ ಎದುರು ಹೇಳಿದವಳಲ್ಲ. ಆದರೆ ಖಾಲಿ ಚಾವಡಿಯಲ್ಲಿ ದೀಪ ಉರಿಯುವುದು ಕಂಡರೆ ಎದ್ದು ಹೋಗಿ ಸ್ವಿಚ್ಚು ಆರಿಸಿ ಬರುತ್ತಿದ್ದಳು.

"ಯಾರೂ ಇಲ್ದಿದ್ದಲ್ಲ್ ಎಂತಕೆ ಹೆಣೆ ಲೈಟ್? ನನ್ನ್ ಗೆದ್ದೆ ಸುಮ್ನೆ ಉರಿತಾ ಇತ್ತ್" ಎನ್ನುತ್ತಿದ್ದಳು, ಮುಳುಗಿದ ತನ್ನ ಗದ್ದೆಯನ್ನು ನೆನೆದು. ಅಳುತ್ತಾ ಅಲ್ಲ, ನಗುತ್ತಲೇ. ನನಗೆ ಮಾತ್ರ ಆ ನಗು ಕೇಳಲು ಆಗುತ್ತಿರಲಿಲ್ಲ.

ಕರೆಂಟು ಬಂದದ್ದು ದೀಪಕ್ಕೆ, ಒಲೆಗಲ್ಲ. ಅಮ್ಮ ಮೊದಲಿನಂತೆಯೇ ತೆಂಗಿನ ಮಡಲು, ಸಿಪ್ಪೆ, ಹಸಿ ಕಟ್ಟಿಗೆ ಒಟ್ಟಿ ಊದುಕೊಳವೆ ಹಿಡಿದು ಕೂರುತ್ತಿದ್ದಳು. ಅಡುಗೆಮನೆಯ ಬಲ್ಬು ವಾರಕ್ಕೆ ಒಮ್ಮೆ ಮಸಿ ಹಿಡಿದು ಕಂದಾಗುತ್ತಿತ್ತು. ಅಮ್ಮ ಅದನ್ನು ಸೆರಗಿನಲ್ಲಿ ಒರಸಿ, ಕೆಮ್ಮಿ, ಮತ್ತೆ ಊದಲು ಕೂರುತ್ತಿದ್ದಳು. ಅವಳ ಕೆಮ್ಮು ಮನೆಯ ಸದ್ದುಗಳಲ್ಲಿ ಒಂದಾಗಿಬಿಟ್ಟಿತ್ತು. ಹಟ್ಟಿಯಲ್ಲಿ ದನ ಕೂಗುವುದು, ಅಡುಗೆಮನೆಯಲ್ಲಿ ಅಮ್ಮ ಕೆಮ್ಮುವುದು.

ಅಣ್ಣ ಮುಂಬಯಿಯಲ್ಲಿ ಮೊದಲು ನಮ್ಮ ಕಡೆಯವರ ಹೋಟೆಲಿನಲ್ಲಿದ್ದು, ಆಮೇಲೆ ಫಿಟ್ಟರ್ ಕೆಲಸ ಕಲಿತು, ಅಲ್ಲಿಂದ ಉತ್ತರಕ್ಕೆ ಕಡಲ ಬದಿಯಲ್ಲಿ ಹೊಸದಾಗಿ ಶುರುವಾದ ಅಣು ವಿದ್ಯುತ್ ಕೇಂದ್ರಕ್ಕೆ ಸೇರಿದ. ನನಗೋ ಹಿಗ್ಗೇ ಹಿಗ್ಗು. ತರಗತಿಯಲ್ಲಿ ಕರಿಹಲಗೆಯ ಮೇಲೆ ಅಣುವಿನ ಚಿತ್ರ ಬರೆದು, ನಮ್ಮ ಅಣ್ಣ ಇದನ್ನು ಒಡೆಯುವಲ್ಲಿ ಇದ್ದಾನೆ ಎಂದು ಹೇಳಿದೆ. ಅವನು ಅಲ್ಲಿ ಪೈಪು ಬಿಗಿಯುತ್ತಿದ್ದ ಎಂದು ಮಕ್ಕಳಿಗೆ ಹೇಳಲಿಲ್ಲ.

ಕೆಲಸಕ್ಕೆ ಸೇರಿ ಮೊದಲ ರಜೆಗೆ ಅವನು ಬಂದದ್ದು ಶ್ರಾವಣದಲ್ಲಿ, ಜಡಿಮಳೆಯಲ್ಲಿ. ಉಪ್ಪುಂದದಲ್ಲಿ ಒಂದು ಹೆಣ್ಣು ನೋಡುವುದಿತ್ತು. ಬಸ್ಸಿಳಿದು ನೆನೆದುಕೊಂಡು ಬಂದವನು ಅಂಗಿ ಬಿಚ್ಚುವಾಗ ಕಿಸೆಗೆ ಕೈ ಹಾಕಿ ಹಾಗೇ ನಿಂತುಬಿಟ್ಟ. ಕಿಸೆಯಲ್ಲಿ ಬೆಂಕಿಪೆಟ್ಟಿಗೆಯಷ್ಟು ದೊಡ್ಡದೊಂದು ಪ್ಲಾಸ್ಟಿಕ್ಕಿನ ಬಿಲ್ಲೆ ಇತ್ತು.

"ಅದೆಂತ ಮಗಾ, ದೇವ್ರ್ ಪಟವಾ?" ಎಂದಳು ಅಮ್ಮ.

"ದೇವ್ರೂ ಅಲ್ಲ, ಎಂತದೂ ಅಲ್ಲ ಅಮಾ. ಬ್ಯಾಡ್ಜ್. ಗೇಟಲ್ಲ್ ಬಿಟ್ಟಿಕ್ಕಿ ಬರ್ಕಿತ್ತ್. ಬಸ್ಸಿನ ಗಡಿಬಿಡೀಲಿ ಮರ್ತ್ ಹೋಯ್ತ್."

ಅದರೊಳಗೆ ಒಂದು ಚೂರು ಫಿಲ್ಮು ಇರುತ್ತದೆ, ಮೈಗೆ ವಿಕಿರಣ ಎಷ್ಟು ತಾಗಿತೋ ಅದಕ್ಕೆ ತಕ್ಕಂತೆ ಕಪ್ಪಾಗುತ್ತದೆ, ತಿಂಗಳಿಗೊಮ್ಮೆ ತೊಳೆದು ನೋಡುತ್ತಾರೆ, ಮಿತಿ ಮೀರಿದ್ದರೆ ಒಳಗಿನ ಕೆಲಸದಿಂದ ಹೊರಗೆ ಹಾಕುತ್ತಾರೆ ಎಂದು ಅಣ್ಣ ವಿವರಿಸಿದ. ಅಮ್ಮ ಕೇಳಿದ್ದರಲ್ಲಿ ಅವಳಿಗೆ ಹಿಡಿಸಿದ್ದು ಒಂದೇ ಮಾತು.

"ಕಣ್ಣಿಗ್ ಕಾಣ್ದಿದ್ದ್ ತಾಗುವಲ್ಲಿಗ್ ನೀನ್ ಎಂತಕೆ ಹೋಪುದ್?"

"ಅಳತೆ ಮಾಡ್ತ್ರ್ ಅಲ್ದಾ ಅಮಾ. ಅದಕ್ಕೇ ಹೆದ್ರಿಕೆ ಇಲ್ಲ. ಮುಂಬಯಿ ರಸ್ತೆ ದಾಂಟುದೇ ಇದಕ್ಕಿಂತ ಕಷ್ಟ."

ಅಮ್ಮ ಸ್ವಲ್ಪ ಹೊತ್ತು ಒಲೆಯಲ್ಲಿ ಕಟ್ಟಿಗೆ ಸರಿಮಾಡುತ್ತಾ ಕೂತಳು. ಆಮೇಲೆ, "ಅದ್ರ್ ಬೂದಿ ಎಲ್ಲ್ ಹಾಕ್ತ್ರ್?" ಎಂದು ಕೇಳಿದಳು.

ಅಣ್ಣ ಒದ್ದೆ ತಲೆ ಒರಸಿಕೊಂಡ. ಸುಟ್ಟು ಉಳಿದದ್ದನ್ನು ಆಳದ ನೀರಿನಲ್ಲಿ ಇಡುತ್ತಾರೆ, ತಲೆಮಾರುಗಟ್ಟಲೆ ಮುಟ್ಟುವ ಹಾಗಿಲ್ಲ, ಮುಂದೆ ಏನಾದರೂ ದಾರಿ ಹುಡುಕುತ್ತಾರೆ ಎಂದ.

"ಬೂದಿ ಹಾಕುಕ್ ಜಾಗ ಕಾಣ್ದೆ ಒಲೆ ಹೂಡ್ರಾ?" ಎಂದಳು ಅಮ್ಮ. ನಮ್ಮಲ್ಲಿ ಬೂದಿ ತೆಂಗಿನ ಬುಡಕ್ಕೆ ಹೋಗುತ್ತಿತ್ತು, ಪಾತ್ರೆ ತಿಕ್ಕಲು ಹೋಗುತ್ತಿತ್ತು. ಇಂಥ ಪ್ರಶ್ನೆ ನನಗೆ ಹೊಳೆದಿರಲಿಲ್ಲವಲ್ಲ ಎಂದು ಒಳಗೊಳಗೇ ನಾಚಿಕೆಯಾಯಿತು. ಹೊರಗೆ, ನಿನಗೆ ಇದೆಲ್ಲ ಅರ್ಥವಾಗುವುದಿಲ್ಲ ಸುಮ್ಮನಿರು ಎಂದು ಗದರಿದೆ.

ಅಣ್ಣ ಬ್ಯಾಡ್ಜನ್ನು ನನ್ನ ಕೈಗೆ ಕೊಟ್ಟ. "ನೀನ್ ಟೀಚರ್ ಅಲ್ದಾ. ಚಂಡಿ ಆಗ್ದಿದ್ದಂಗೆ ಇಡ್ ಕಾಂಬ. ನೀರ್ ತಾಗ್ರೆ ನನ್ನ್ ಕೆಲ್ಸ ಹೋತ್ತ್."

ನಾನು ಅದನ್ನು ಒಣಬಟ್ಟೆಯಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿ ಹಾಕಿ, ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ನಮ್ಮೂರಿನ ಯಾವ ಹೆಂಗಸಾದರೂ ಅಲ್ಲೇ ಇಡುತ್ತಿದ್ದಳು. ಇಟ್ಟ ಮೇಲೆ ನಿಶ್ಚಿಂತೆಯಾಯಿತು ಕೂಡ.

ಉಪ್ಪುಂದದಲ್ಲಿ ಹೆಣ್ಣು ಎಲ್ಲರಿಗೂ ಒಪ್ಪಿಗೆಯಾಯಿತು. ಕಾಫಿ ಕುಡಿದಾದ ಮೇಲೆ ಹುಡುಗಿಯ ತಂದೆ ಗಂಟಲು ಸರಿಮಾಡಿಕೊಂಡರು. "ಅಲ್ಲ್ ಕೆಲ್ಸ ಮಾಡ್ದರಿಗೆ ಮಕ್ಕಳಾತಿಲ್ಲ ಅಂಬ್ರಲೆ, ಹೌದಾ?" ಎಂದರು. ಅಣ್ಣ ಕೆಂಪಾದ. ಅದೆಲ್ಲ ಗಾಳಿಮಾತು, ತಿಂಗಳು ತಿಂಗಳು ಅಳತೆ ತೆಗೆದು ಬರೆದಿಡುತ್ತಾರೆ ಎಂದ. "ಹಂಗಾರೆ ಈ ತಿಂಗ್ಳಿಂದ್ ಒಂದ್ ಬರ್ಸಿ ಕಳ್ಸಿ. ಕಂಡ್ಕಂಡ್ ಮಾತಾಡುವ" ಎಂದರು ಅವರು, ಬಹಳ ಮರ್ಯಾದೆಯಿಂದಲೇ. ಹೀಗೆ ಅಣ್ಣನ ಮದುವೆಯೂ ಆ ಬಿಲ್ಲೆಯೊಳಗೆ ಸೇರಿಕೊಂಡಿತು.

ಬ್ಯಾಡ್ಜು ಹನ್ನೆರಡು ದಿನ ಅಟ್ಟದ ಮೇಲಿತ್ತು. ಹೊರಗೆ ಮಳೆ ಬಿಡದಿದ್ದರಿಂದ ಅಮ್ಮ ಆ ದಿನಗಳಲ್ಲಿ ಎರಡು ಸಲ ಕುಚ್ಚಿಗೆ ಅಕ್ಕಿಗೆಂದು ಭತ್ತವನ್ನೂ ಒಳಗಿನ ಒಲೆಯಲ್ಲೇ ಬೇಯಿಸಿದಳು. ಹೊರಡುವ ದಿನ ಅಣ್ಣ ಡಬ್ಬಿ ತೆರೆದು ನೋಡಿ, ಒಂದು ಹನಿ ಪಸೆ ಇಲ್ಲ ಎಂದು ನನ್ನ ಬೆನ್ನು ತಟ್ಟಿ ಹೋದ.

ತಿಂಗಳು ಕಳೆದು ಅಣ್ಣನ ಕಾಗದ ಬಂತು. ಅಮ್ಮನಿಗೆ ಓದಲು ಬರುತ್ತಿರಲಿಲ್ಲ, ನಾನೇ ಗಟ್ಟಿಯಾಗಿ ಓದಬೇಕು. ಫಿಲ್ಮು ಪೂರಾ ಕಪ್ಪಾಗಿ ಬಂದಿದೆ, ನನ್ನನ್ನು ಒಳಗಿನ ಕೆಲಸದಿಂದ ಹೊರಗೆ ಹಾಕಿದ್ದಾರೆ, ರಕ್ತ ತೆಗೆದುಕೊಂಡಿದ್ದಾರೆ, ನನಗೆ ಏನೂ ಆದಂತೆ ಕಾಣುವುದಿಲ್ಲ, ಉಪ್ಪುಂದದವರಿಗೆ ಸದ್ಯ ಏನೂ ತಿಳಿಸಬೇಡಿ ಎಂದು ಬರೆದಿದ್ದ. ಓದುತ್ತಿದ್ದಂತೆಯೇ ನನ್ನ ಕಣ್ಣು ಒಲೆಯ ಮೇಲಿನ ಅಟ್ಟಕ್ಕೆ ಹೋಯಿತು.

ಆದರೆ ಬಾಯಿ ಬಿಡಲಿಲ್ಲ. ಇದನ್ನು ಬರೆಯಲು ಈಗಲೂ ಕಷ್ಟವಾಗುತ್ತದೆ. ಅಮ್ಮ ಕೈಲಿದ್ದ ಸೌಟು ಕೆಳಗಿಟ್ಟು, "ಅವ್ನ ಬಪ್ಪುಕ್ ಹೇಳ್ ಹೆಣೆ. ಗೆದ್ದೆ ಮಾಡ್ಕಂಡ್ ಇರ್ಲಿ. ನಂಗ್ ಆ ಕರೆಂಟ್ ಬ್ಯಾಡ" ಎಂದು ಅತ್ತಳು. ಚಿಕ್ಕಮ್ಮ ಅವಳ ಬೆನ್ನು ನೀವುತ್ತಾ ಕೂತಳು. ಮೂರು ದಿನ ಅಮ್ಮ ಸರಿಯಾಗಿ ಉಣ್ಣಲಿಲ್ಲ. ಆ ಮೂರು ದಿನವೂ, ಇದು ನನ್ನ ತಪ್ಪಿರಬಹುದು ಎಂಬ ಒಂದು ಮಾತು ನನ್ನ ಬಾಯಿಂದ ಹೊರಡಲಿಲ್ಲ. ವಿಜ್ಞಾನದ ಟೀಚರು ಒಣಮೀನಿನ ಪಕ್ಕ ಬ್ಯಾಡ್ಜು ಇಟ್ಟಳು ಎಂದು ಅಣ್ಣನ ಕಚೇರಿಯವರು ನಗುವುದನ್ನು ನೆನೆದೇ ನನ್ನ ಮುಖ ಬಿಸಿಯಾಗುತ್ತಿತ್ತು.

ನಾಲ್ಕನೆಯ ದಿನ ಶಾಲೆಗೆ ರಜೆ ಹಾಕಿ ಕುಂದಾಪುರದ ಬಸ್ಸು ಹತ್ತಿದೆ. ಅಲ್ಲಿ ಶಾಲೆಯ ಗುಂಪುಫೋಟೋ ತೆಗೆಯುವ ಸ್ಟುಡಿಯೋದವರ ಪರಿಚಯವಿತ್ತು. ಫಿಲ್ಮನ್ನು ಒಲೆಯ ಮೇಲಿಟ್ಟರೆ ಏನಾಗುತ್ತದೆ ಎಂದು ಕೇಳಿದೆ.

"ಹ್ವಾಯ್ ಟೀಚ್ರೇ, ಬೇಸಗೇಲಿ ನಾವ್ ಫಿಲ್ಮ್ ಮಣ್ಣಿನ್ ಮಡ್ಕೀಲಿ ತಂಪಲ್ಲ್ ಇಡುದ್" ಎಂದು ಅವರು ನಕ್ಕರು. "ಒಲೆ ಮೇಲ್ ಇಟ್ರೆ ಫೋಟೋ ತೆಗುದೇ ಬ್ಯಾಡ. ತನ್ನಷ್ಟಕ್ಕೇ ಕಪ್ಪಾತ್ತ್."

ಅಂಚೆ ಕಚೇರಿಯ ಬೆಂಚಿನ ಮೇಲೆಯೇ ಕೂತು ಅಣ್ಣನಿಗೆ ಎಲ್ಲವನ್ನೂ ಬರೆದೆ. ಒಣಮೀನನ್ನೂ ಬಿಡಲಿಲ್ಲ. ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅವಳು ನನ್ನನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಒಲೆಯನ್ನೇ ನೋಡುತ್ತಾ, "ಬರೀ ಬಿಸಿಯಾ? ಖಂಡಿತಾ?" ಎಂದು ಎರಡೆರಡು ಸಲ ಕೇಳಿದಳು. ಅನ್ನಕ್ಕೆ ಎಸರಿಟ್ಟಳು.

ಅಣ್ಣನ ಮರು ಕಾಗದ ಈಗಲೂ ನನ್ನಲ್ಲಿದೆ. ಅವನು ಬರೆದದ್ದು ಹೀಗೆ: "ಕಪ್ಪು ಎಲ್ಲ ಕಡೆ ಒಂದೇ ಸಮ ಇದ್ದುದರಿಂದ ಇದು ವಿಕಿರಣದ್ದಲ್ಲ, ಶಾಖದ್ದು ಎಂದು ಅಳತೆ ನೋಡುವ ಸಾಹೇಬರಿಗೆ ಮೊದಲೇ ಅನುಮಾನ ಬಂದಿತ್ತು. ರಕ್ತವೂ ಸರಿ ಇದೆ. ಬ್ಯಾಡ್ಜು ಹೊರಗೆ ಒಯ್ದದ್ದಕ್ಕೆ ಚೆನ್ನಾಗಿ ಬೈದರು. ನಿನ್ನ ಕಾಗದ ತೋರಿಸಿದೆ. ಅಷ್ಟು ಬಿಸಿ, ಅಷ್ಟು ಹೊಗೆಯ ಜಾಗದಲ್ಲಿ ಯಾರಾದರೂ ಇರುತ್ತಾರಾ ಎಂದು ಕೇಳಿದರು. ನಮ್ಮ ಅಮ್ಮ ಇರುತ್ತಾಳೆ ಎಂದೆ. ಎಷ್ಟು ಹೊತ್ತು ಎಂದರು. ದಿನಾ, ಮೂವತ್ತು ವರ್ಷದಿಂದ ಎಂದೆ. ಫೈಲು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ 'ಕೆಲಸದ ಜಾಗಕ್ಕೆ ಸಂಬಂಧವಿಲ್ಲ' ಎಂದು ಬರೆದು ಸಹಿ ಹಾಕಿದರು. ನಾಳೆಯಿಂದ ಒಳಗಿನ ಕೆಲಸಕ್ಕೆ ಹೋಗುತ್ತೇನೆ."

ಸಾಹೇಬರ ಮೇಲೆ ನನಗೆ ಸಿಟ್ಟಿಲ್ಲ. ಅವರು ಮತ್ತೇನು ಬರೆಯಬಹುದಿತ್ತು? ಅಂದು ನಾವು ಕುಣಿದಾಡುವುದೊಂದು ಬಾಕಿ. ಉಪ್ಪುಂದಕ್ಕೆ ಸಾಹೇಬರ ಸಹಿಯ ಚೀಟಿ ಹೋಯಿತು, ಮುಂದಿನ ಬೇಸಗೆಯಲ್ಲಿ ಮದುವೆಯಾಯಿತು, ವರ್ಷ ತುಂಬುವುದರೊಳಗೆ ಹುಡುಗಿಯ ತಂದೆ ಮೊಮ್ಮಗುವನ್ನು ಎತ್ತಿಕೊಂಡು ತಿರುಗಿದರು. ಅಣ್ಣ ಅಲ್ಲೇ ಕೆಲಸ ಮಾಡಿ ನಿವೃತ್ತನಾದ, ಇವತ್ತಿಗೂ ಗಟ್ಟಿಮುಟ್ಟಾಗಿದ್ದಾನೆ. ಯಾವ ಕರೆಂಟು ಒಳ್ಳೆಯದು, ಯಾವುದು ಅಗ್ಗ ಎಂದು ಪತ್ರಿಕೆಗಳಲ್ಲಿ ಜಗಳವಾಗುವಾಗ ಅವನು ತನ್ನ ಅಳತೆಯ ಚೀಟಿಗಳ ಕಥೆ ಹೇಳುತ್ತಾನೆ. ನಾನು ಅಮ್ಮನ ಬೂದಿಯ ಪ್ರಶ್ನೆಯನ್ನು ಅವನ ಮುಂದಿಡುತ್ತೇನೆ. ಈಗಲೂ ನೀರಿನಲ್ಲೇ ಇಟ್ಟಿದ್ದಾರೆ ಎನ್ನುತ್ತಾನೆ. ಚಿಕ್ಕಮ್ಮ ಮಾತ್ರ ಕೊನೆಯವರೆಗೂ ಯಾವ ಪಕ್ಷವನ್ನೂ ಹಿಡಿಯದೆ ಸ್ವಿಚ್ಚು ಆರಿಸುತ್ತಲೇ ಇದ್ದಳು.

ಅಣ್ಣನ ಮದುವೆಯಾದ ಮರು ಮಳೆಗಾಲದಲ್ಲಿ ಅಮ್ಮನ ಕೆಮ್ಮು ಜೋರಾಯಿತು. ಬಾವಿಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಿದ್ದಳು. ಬ್ರಹ್ಮಾವರದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಲು ಕರೆದುಕೊಂಡು ಹೋದೆ. ಡಾಕ್ಟರು ಎದೆಗೆ, ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಶ್ವಾಸಕೋಶ ಪೂರಾ ಸೋತಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದರು. ಆಮೇಲೆ ಪೆನ್ನು ತೆಗೆದುಕೊಂಡು ನನ್ನನ್ನು ಕೇಳಿದರು, "ಇವರು ಬೀಡಿ ಸೇದುತ್ತಾರಾ?"

ಅಮ್ಮನಿಗೆ ನಗು ಬಂತು, ನಗಲು ಉಸಿರು ಸಾಲಲಿಲ್ಲ. ನನಗೆ ಹನ್ನೆರಡು ದಿನದಲ್ಲಿ ಕಪ್ಪಾದ ಆ ಫಿಲ್ಮು ನೆನಪಾಯಿತು. ಮೂವತ್ತು ವರ್ಷದ ಒಲೆಯ ಹೊಗೆಯನ್ನು ಹೇಳಬೇಕೆಂದುಕೊಂಡೆ. ಎಲ್ಲಿಂದ ಶುರುಮಾಡಲಿ ಎಂದು ತಿಳಿಯಲಿಲ್ಲ.

ಇಲ್ಲ ಎಂದೆ. ಅವರು 'ಇಲ್ಲ' ಎಂದು ಬರೆದುಕೊಂಡರು.