ಅಮೃತಸರದಲ್ಲಿ ಅಪ್ಪ ಕೂಗಿದ ಹೆಸರು

ನನ್ನ ಮಗಳ ಪಾಠದ ಪುಸ್ತಕದಲ್ಲಿ ಅಮೃತಸರದ ಸ್ವರ್ಣ ಮಂದಿರದ ಚಿತ್ರವಿತ್ತು. ಅವ್ವ ಚಳ್ಳಕೆರೆಯ ನಮ್ಮ ಮನೆಗೆ ಬಂದಾಗಲೆಲ್ಲ ಮೊಮ್ಮಗಳ ಪಕ್ಕ ಕೂತು ಆ ಪುಟ ತೆಗೆಸಿ ನೋಡುತ್ತಿದ್ದಳು. ಅವಳ ಕಣ್ಣು ಗುಡಿಗಿಂತ ಅದರ ಸುತ್ತಲಿನ ನೀರಿನ ಮೇಲೆ. ಬೇಸಿಗೆಯಲ್ಲೂ ಅಷ್ಟೇ ನೀರಿರುತ್ತದೆಯೇ ಎಂದು ಒಮ್ಮೆ ಕೇಳಿದಳು. ನನಗೆ ಗೊತ್ತಿರಲಿಲ್ಲ. ಹೋಗಿ ನೋಡಿಬರೋಣ ಬಿಡು ಎಂದು ಬಾಯಿಮಾತಿಗೆ ಅಂದೆ. ಅವಳು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

ಹಾಗಾಗಿ ಒಂದು ದಸರಾ ರಜೆಯಲ್ಲಿ ಅಪ್ಪ, ಅವ್ವ, ನಾನು ಮತ್ತು ಹತ್ತು ವರ್ಷದ ಮಗಳು ಹೊರಟೆವು. ನಾನು ಶಾಲೆಯ ಟೀಚರು, ನನಗೆ ರಜೆಯಿತ್ತು, ಗಂಡನಿಗೆ ಸಿಗಲಿಲ್ಲ. ಅಪ್ಪ ಅವ್ವ ಇರುವ ಮೊಳಕಾಲ್ಮೂರಿನಿಂದ ಬಳ್ಳಾರಿಗೆ ಬಸ್ಸು, ಗುಂತಕಲ್ಲಿನಲ್ಲಿ ದೆಹಲಿಯ ರೈಲು. ಅಪ್ಪ ರಾಂಪುರದಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದವನು. ಪೇಟೆಯ ಮೆಕ್ಯಾನಿಕ್ ಗೆಳೆಯರಿಂದ ಕಲಿತ ಉರ್ದುವನ್ನು ನೆಚ್ಚಿಕೊಂಡು, ಭಾಷೆಯ ಚಿಂತೆ ಯಾರೂ ಮಾಡಬೇಡಿ ಎಂದಿದ್ದ. ದೆಹಲಿ ಸ್ಟೇಷನ್ನಿನ ಚಹಾದವನ ಮುಂದೆಯೇ ಆ ಉರ್ದು ಸೋತಿತು. ಅಲ್ಲಿಂದ ಮುಂದೆ ಶಾಲೆಯಲ್ಲಿ ಹಿಂದಿ ಕಲಿಯುತ್ತಿದ್ದ ಮಗಳೇ ನಮ್ಮೆಲ್ಲರ ಬಾಯಿಯಾದಳು.

ಅಮೃತಸರ ಮುಟ್ಟಿದ ಮರುದಿನ ಬೆಳಿಗ್ಗೆ ಮಂದಿರಕ್ಕೆ ಹೋದೆವು. ಅಪ್ಪ ತಲೆಗೆ ಟವೆಲು ಸುತ್ತಿಕೊಂಡ, ಅವ್ವ ಸೆರಗು ಹೊದ್ದಳು. ಕೊಳದ ಮೆಟ್ಟಿಲಿನ ಮೇಲೆ ಅವ್ವ ಎಷ್ಟು ಹೊತ್ತು ಕೂತಳೆಂದರೆ, ಮಗಳು ಬೇಜಾರಾಗಿ ಮೀನುಗಳನ್ನು ಎಣಿಸತೊಡಗಿದಳು. ಆಮೇಲೆ ಊಟದ ಹಾಲಿಗೆ ಹೋಗಿ ಸಾಲಿನಲ್ಲಿ ಕೂತು ರೊಟ್ಟಿ, ಬೇಳೆ, ಪಾಯಸ ಉಂಡೆವು. ಎದ್ದು ಬರುವಾಗ ಜನ ಹೊಳೆಯ ಹಾಗೆ ನೂಕಿದರು. ನಾನು ಮಗಳ ಕೈ ಬಿಡದೆ ಹೊರಗೆ ಬಂದೆ. ಚಪ್ಪಲಿ ಬಿಟ್ಟಿದ್ದ ಜಾಗದಲ್ಲಿ ಅಪ್ಪ ಒಬ್ಬನೇ ನಿಂತಿದ್ದ.

"ನಿಮ್ಮವ್ವ ಎಲ್ಲಿ?" ಎಂದ.

ಅವಳು ಅಪ್ಪನ ಜೊತೆ ಇದ್ದಾಳೆಂದು ನಾನು, ನನ್ನ ಜೊತೆ ಇದ್ದಾಳೆಂದು ಅಪ್ಪ. ಅವಳ ಫೋನು ನನ್ನ ಚೀಲದಲ್ಲಿತ್ತು. ಚಾರ್ಜು ಮುಗಿದಿದೆ ಎಂದು ಬೆಳಿಗ್ಗೆ ನಾನೇ ತೆಗೆದಿಟ್ಟಿದ್ದೆ. ಕನ್ನಡ, ತೆಲುಗು ಬಿಟ್ಟರೆ ಅವಳಿಗೆ ಬೇರೆ ಮಾತು ಬಾರದು. ನಾವು ಇಳಿದುಕೊಂಡಿದ್ದ ಲಾಡ್ಜಿನ ಹೆಸರೂ ಗೊತ್ತಿರಲಿಲ್ಲ.

ಊಟದ ಹಾಲಿನ ಬಾಗಿಲಿಗೆ ಓಡಿದೆವು, ಕಾಣಲಿಲ್ಲ. ಕೊಳದ ಸುತ್ತ ಒಂದು ಸುತ್ತು ಹಾಕಿದೆವು. ಸೆರಗು ಹೊದ್ದ ಪ್ರತಿ ಹೆಂಗಸೂ ಹಿಂದಿನಿಂದ ಅವ್ವನಂತೆಯೇ ಕಂಡಳು. ನೀಲಿ ಪೇಟದ ವಯಸ್ಸಾದ ಸೇವಕರೊಬ್ಬರು ನಮ್ಮ ಮುಖ ನೋಡಿಯೇ ಅರ್ಥ ಮಾಡಿಕೊಂಡು, ಮೈಕಿದ್ದ ಒಂದು ಕೋಣೆಗೆ ಕರೆದುಕೊಂಡು ಹೋದರು. ಹೆಸರೇನು, ಏನು ಉಟ್ಟಿದ್ದಾರೆ, ಗುರುತೇನು ಎಂದು ಕೇಳಿದರು. ಮಗಳು ಅದನ್ನು ಕನ್ನಡದಲ್ಲಿ ಹೇಳಿದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಅವ್ವನ ಹೆಸರು ಹೇಳಿದ. ಅವನ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು. ಮನೆಯಲ್ಲಿ ಅವಳನ್ನು ಕರೆಯಬೇಕಾದರೆ "ಕೇಳಿಸ್ತಾ" ಎನ್ನುತ್ತಿದ್ದ. ಹೊರಗಿನವರ ಮುಂದೆ "ನಮ್ಮ ಮನೆಯವ್ರು". ಈಗ ಹೆಸರಿನ ಜೊತೆಗೆ ಅವಳ ತವರಿನ ಊರು, ಮನೆತನ ಎಲ್ಲವನ್ನೂ ಹೇಳಿದ, ಅಮೃತಸರದಲ್ಲಿ ಅದು ಯಾರಿಗಾದರೂ ಉಪಯೋಗಕ್ಕೆ ಬರುತ್ತದೆಂಬಂತೆ.

ಸೀರೆಯ ಬಣ್ಣ ನನಗೆ ನೆನಪಾಗಲಿಲ್ಲ. ಬೆಳಿಗ್ಗೆ ನೆರಿಗೆ ಹಿಡಿದು ಸರಿ ಮಾಡಿದ್ದು ನಾನೇ, ಆದರೂ ನೆನಪಾಗಲಿಲ್ಲ. ಅಪ್ಪ ನಿಲ್ಲಿಸದೆ ಹೇಳುತ್ತ ಹೋದ.

"ಹಸಿರು ಸೀರೆ, ನಮ್ಮೂರ ರೇಷ್ಮೇದು, ಕೆಂಪು ಅಂಚೈತೆ. ಎಡಗೈ ಮೇಲೆ ಎಣ್ಣೆ ಸಿಡಿದ ಕಲೆ ಐತೆ. ಬಲಗಾಲು ಒಂಚೂರು ಎಳೆದು ಹಾಕ್ತಾಳೆ. ಜನ ಜಾಸ್ತಿ ಇದ್ರೆ ಗೋಡೆ ಹಿಡ್ಕೊಂಡು ನಿಂತಿರ್ತಾಳೆ, ಯಾರನ್ನೂ ಏನೂ ಕೇಳೋದಿಲ್ಲ. ಅದನ್ನೂ ಹೇಳವ್ವ ಅವರಿಗೆ."

ಮಗಳು ತನಗೆ ಬರುವಷ್ಟು ಹಿಂದಿಯಲ್ಲಿ ಎಲ್ಲವನ್ನೂ ಹೇಳಿದಳು. ಎಳೆದು ಹಾಕುವುದಕ್ಕೆ ಮಾತು ಸಿಗದೆ ತಾನೇ ನಾಲ್ಕು ಹೆಜ್ಜೆ ನಡೆದು ತೋರಿಸಿದಳು. ಮೈಕಿನಲ್ಲಿ ಅವ್ವನ ಹೆಸರು ಪಂಜಾಬಿ ಉಚ್ಚಾರದಲ್ಲಿ ಎರಡು ಸಲ ಕೇಳಿಸಿತು. ಅಲ್ಲೇ ಕೂತಿರಿ ಎಂದರು. ಅಪ್ಪ ಹತ್ತು ನಿಮಿಷವೂ ಕೂರಲಿಲ್ಲ. ಎದ್ದು ಹೊರಗೆ ಹೋದ, ನಾವು ಹಿಂದೆಯೇ ಹೋದೆವು. ಊಟದ ಹಾಲಿನ ಹಿಂಭಾಗದ ಓಣಿಯುದ್ದಕ್ಕೂ ಅವ್ವನ ಹೆಸರನ್ನು ಕೂಗುತ್ತ ನಡೆದ. ಮೊದಮೊದಲು ದನಿ ಸಣ್ಣದಿತ್ತು. ಆಮೇಲೆ ಹೊಲದಾಚೆಗಿದ್ದವರನ್ನು ಕರೆಯುವಂತೆ ಕೂಗಿದ. ಜನ ದಾರಿ ಬಿಟ್ಟರು.

ರೊಟ್ಟಿ ಮಾಡುವ ಕಡೆ ನೂರಾರು ಹೆಂಗಸರು ಸಾಲಾಗಿ ಕೂತಿದ್ದರು. ಅವರ ನಡುವಿನಿಂದ ಒಬ್ಬಳು ಲಟ್ಟಣಿಗೆ ಹಿಡಿದುಕೊಂಡೇ ಎದ್ದು ನಿಂತಳು. ಮೂಗಿನ ತುದಿಗೆ ಹಿಟ್ಟು.

ಆದದ್ದು ಇಷ್ಟೇ. ತಟ್ಟೆ ತೊಳೆಯುವುದನ್ನು ನೋಡುತ್ತ ನಿಂತಳಂತೆ, ತಿರುಗಿದರೆ ನಾವಿಲ್ಲ. ಗೋಡೆಯ ಪಕ್ಕ ನಿಂತಿದ್ದವಳನ್ನು ದಪ್ಪನೆಯ ಹೆಂಗಸೊಬ್ಬಳು ಕೈಹಿಡಿದು ತನ್ನ ಬಳಿ ಕೂರಿಸಿಕೊಂಡಿದ್ದಳು. ಇವಳು ಕನ್ನಡದಲ್ಲಿ, ಅವಳು ಪಂಜಾಬಿಯಲ್ಲಿ, ಇಬ್ಬರೂ ಮಕ್ಕಳು ಮೊಮ್ಮಕ್ಕಳ ಲೆಕ್ಕ ಒಪ್ಪಿಸಿಕೊಂಡಿದ್ದರು. ಮೈಕಿನಲ್ಲಿ ಹೆಸರು ಕೇಳಿಸಲಿಲ್ಲವೇ ಎಂದು ಸಿಟ್ಟಿನಿಂದಲೇ ಕೇಳಿದೆ.

"ಕೇಳಿಸ್ತು. ಈ ಊರಾಗೆ ನನ್ ಹೆಸರು ಯಾರಿಗ್ ಗೊತ್ತೈತೆ? ನನ್ ಹೆಸರಿನಾಕೆ ಇನ್ಯಾರೋ ಅವ್ಳೆ, ಪಾಪ, ಕಳ್ಕಂಡವ್ಳೆ ಅಂದ್ಕೊಂಡೆ" ಎಂದಳು.

ಅಪ್ಪ ಬೈಯಲಿಲ್ಲ. ಮುಖ ಒರೆಸಿಕೊಂಡು, ಅವಳ ಮುಂದೆ ಉಳಿದಿದ್ದ ಹಿಟ್ಟಿನ ಉಂಡೆಗಳನ್ನು ನೋಡಿ, ಮುಗಿಸಿಕೊಂಡೇ ಬಾ ಎಂದ. ಅಲ್ಲೇ ಕಂಬಕ್ಕೆ ಒರಗಿ ಕೂತ. ಮಧ್ಯಾಹ್ನ ದೇಶದ ಗಡಿ ನೋಡಲು ಹೋಗಬೇಕೆಂದಿತ್ತು. ಅದರ ಮಾತನ್ನು ಯಾರೂ ಎತ್ತಲಿಲ್ಲ.

ಸಂಜೆ ಲಾಡ್ಜಿನಲ್ಲಿ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಸೀರೆಯ ಅಂಚು, ಎಣ್ಣೆಯ ಕಲೆ, ಎಳೆದು ಹಾಕುವ ಕಾಲು. ಅಪ್ಪ ಕೆಳಗೆ ಚಹಾ ತರಲು ಹೋಗಿದ್ದ. ಅವ್ವ ಮಂಡಿಯ ಮೇಲೆ ಕೈಯಿಟ್ಟುಕೊಂಡಳು. ಮಂಡಿ ನೋವು ಯಾರಿಗೂ ತಿಳಿಯಬಾರದೆಂದು ನೆಟ್ಟಗೇ ನಡೆಯುತ್ತಿದ್ದೆನಲ್ಲ, ಅವರಿಗೆ ಹೇಗೆ ಗೊತ್ತಾಯಿತು ಎಂದಳು. ನನಗಂತೂ ಗೊತ್ತಾಗಿರಲಿಲ್ಲ. ಅವಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತಿದೆ.

ಊರಿಗೆ ಬಂದ ಮೇಲೆ ಇಬ್ಬರನ್ನೂ ಚಳ್ಳಕೆರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ನೋವು ಎಷ್ಟು ದಿನದಿಂದ ಎಂದು ಡಾಕ್ಟರು ಕೇಳಿದರು. ಆರು ತಿಂಗಳಾಗಿರಬಹುದು ಎಂದಳು ಅವ್ವ.

"ಎರಡು ವರ್ಷ ಆತು ಸಾರ್," ಎಂದ ಅಪ್ಪ, ಬಾಗಿಲ ಬಳಿಯ ಕುರ್ಚಿಯಿಂದ. "ದೇವಸಮುದ್ರದ ಮದುವೆಗೆ ಹೋಗಿ ಬಂದಾಗಿಂದ."

ಡಾಕ್ಟರು ಎರಡು ವರ್ಷ ಎಂದು ಬರೆದುಕೊಂಡರು.